ಮಗುವಿನ ಮೊಬೈಲಿನಲ್ಲಿ ಬಲೆ ಬೀಸುವವರು: ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ತಂದೆತಾಯಂದಿರು, ಮೊಬೈಲಿನಲ್ಲಿ ಮಗುವಿನ ಸ್ನೇಹ ಬೆಳೆಸಿ ಫೋಟೊ ಕೇಳಿ ಬೆದರಿಸುವವರ ವಿಷಯದಲ್ಲಿ ನೆರವು ಕೇಳಿ ಬರುವ ಹೊತ್ತಿಗೆ ಸಾಮಾನ್ಯವಾಗಿ ಮೂರು ಕೆಲಸಗಳನ್ನು ಮಾಡಿ ಮುಗಿಸಿರುತ್ತಾರೆ. ಮಗುವಿಗೆ ಹೊಡೆದಿರುತ್ತಾರೆ, ಮೊಬೈಲಿನಲ್ಲಿದ್ದ ಸಂದೇಶಗಳನ್ನೆಲ್ಲ ಅಳಿಸಿರುತ್ತಾರೆ, ಅತ್ತ ಕಡೆಯವನಿಗೆ ಕರೆ ಮಾಡಿ ಬಾಯಿಗೆ ಬಂದಂತೆ ಬೈದಿರುತ್ತಾರೆ. ಹೊಡೆತದಿಂದ ಮಗು ಉಳಿದರ್ಧ ಸಂಗತಿಯನ್ನು ಹೇಳದೆ ಬಾಯಿ ಮುಚ್ಚಿಕೊಳ್ಳುತ್ತದೆ, ಅಳಿಸಿದ್ದರಿಂದ ಸಾಕ್ಷ್ಯ ಹೋಗುತ್ತದೆ, ಬೈದಿದ್ದರಿಂದ ಅವನು ಖಾತೆ ಮುಚ್ಚಿಕೊಂಡು ಇನ್ನೊಂದು ಹೆಸರಿನಲ್ಲಿ ಇನ್ನೊಂದು ಮಗುವಿನ ಬಳಿಗೆ ಹೋಗುತ್ತಾನೆ. ಗಾಬರಿಯಲ್ಲಿ ಯಾರಾದರೂ ಹೀಗೆಯೇ ಮಾಡುತ್ತಾರೆ. ಆ ಕಾರಣದಿಂದಲೇ ಕೆಲಸಗಳ ಕ್ರಮವನ್ನು ಗಾಬರಿ ಬರುವ ಮುಂಚೆಯೇ ತಿಳಿದಿಟ್ಟುಕೊಳ್ಳಬೇಕು.

ಮೊದಲ ಐದು ಹಂತಗಳು ಏನೂ ಆಗದಿರುವಾಗ ಮಾಡುವಂಥವು. ಆಗಲೇ ಏನಾದರೂ ಆಗಿದ್ದರೆ ನೇರವಾಗಿ ಆರನೆಯ ಹಂತಕ್ಕೆ ಹೋಗಿ.

ಕೈಯಲ್ಲಿ ಇರಬೇಕಾದವು

ಮಗು ಬಳಸುವ ಮೊಬೈಲ್, ಅದಲ್ಲದೆ ಕ್ಯಾಮೆರಾ ಇರುವ ಇನ್ನೊಂದು ಮೊಬೈಲ್, ಒಂದು ನೋಟ್‌ಪುಸ್ತಕ. ಆ ಪುಸ್ತಕದ ಮೊದಲ ಪುಟದಲ್ಲಿ ಈ ಸಂಖ್ಯೆಗಳನ್ನು ಬರೆದಿಡಿ: ಮಕ್ಕಳ ಸಹಾಯವಾಣಿ 1098, ತುರ್ತು ನೆರವು 112, ಆನ್‌ಲೈನ್ ಹಣ ವಂಚನೆಗೆ 1930, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ನಿಮ್ಮ ಹತ್ತಿರದ ಠಾಣೆಯ ಸಂಖ್ಯೆಯನ್ನೂ ಸೇರಿಸಿ. ಮಗುವಿನ ಮೊಬೈಲಿನಲ್ಲಿ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ ಕಾಣುವ 15 ಅಂಕಿಯ ಐಎಂಇಐ ಸಂಖ್ಯೆಯನ್ನೂ, ಅಂದರೆ ಆ ಮೊಬೈಲಿನ ಗುರುತಿನ ಸಂಖ್ಯೆಯನ್ನೂ, ಬರೆದುಕೊಳ್ಳಿ.

ಹಂತ 1: ಸೆಟ್ಟಿಂಗ್‌ಗೆ ಕೈ ಹಾಕುವ ಮುಂಚೆ ಮಾತು ಕೊಡಿ

ಹೆಚ್ಚಿನವರು ಈ ಹಂತವನ್ನು ಬಿಟ್ಟು ನೇರವಾಗಿ ಆ್ಯಪ್‌ಗಳನ್ನು ಬಂದ್ ಮಾಡುವುದಕ್ಕೆ ಹೋಗುತ್ತಾರೆ. ಉಳಿದ ಎಲ್ಲ ಹಂತಗಳೂ ಇದರ ಮೇಲೆಯೇ ನಿಂತಿರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಬಲೆ ಬೀಸುವವನ ದೊಡ್ಡ ಬಲ ಅವನ ಜಾಣತನಕ್ಕಿಂತ ನಮ್ಮ ಮಕ್ಕಳಿಗೆ ಮನೆಯ ಮೇಲಿರುವ ಭಯದಲ್ಲಿದೆ. "ನಿಮ್ಮ ಅಪ್ಪನಿಗೆ ಕಳಿಸುತ್ತೇನೆ" ಎಂಬ ಒಂದೇ ಬೆದರಿಕೆಗೆ ಮಗು ಕೇಳಿದ್ದನ್ನೆಲ್ಲ ಕೊಡುತ್ತದೆ. ನಮ್ಮ ಭಾಗದಲ್ಲಿ ಹುಡುಗಿಯ ಮೊಬೈಲಿನಲ್ಲಿ ಯಾರದೋ ಸಂದೇಶ ಸಿಕ್ಕಿತೆಂದರೆ ಆಕೆಯ ಶಾಲೆ ಬಿಡಿಸಿ, ಹದಿನೆಂಟು ತುಂಬುವ ಮುಂಚೆಯೇ ಮದುವೆಯ ಮಾತು ತೆಗೆಯುವ ಮನೆಗಳು ಇನ್ನೂ ಇವೆ ಎಂಬುದನ್ನು ನಾವು ಒಪ್ಪಿಕೊಳ್ಳಲೇಬೇಕು. ಅದನ್ನು ಕಣ್ಣಾರೆ ಕಂಡ ಹುಡುಗಿ ತನ್ನ ಕಷ್ಟವನ್ನು ಹೇಗೆ ಹೇಳಿಯಾಳು? ಹುಡುಗರ ಸಂಕೋಚ ಬೇರೆ ಬಗೆಯದು. ಹುಡುಗಿಯ ಭಾವಚಿತ್ರ ಹಾಕಿಕೊಂಡ ಖಾತೆಯ ಮಾತಿಗೆ ಮರುಳಾಗಿ ವಿಡಿಯೊ ಕರೆಯಲ್ಲಿ ಸಿಕ್ಕಿಬಿದ್ದ ಹುಡುಗ, "ಗಂಡಸಾಗಿ ಹಿಂಗ ಮಾಡಿಕೊಂಡಿ" ಎನ್ನುತ್ತಾರೆಂದು ನಾಚಿ ಹಣ ಹೊಂದಿಸಲು ಓಡಾಡುತ್ತಾನೆ.

ಆದ್ದರಿಂದ ಊಟಕ್ಕೆ ಕೂತಾಗಲೋ ಹೊಲದ ದಾರಿಯಲ್ಲೋ ನಿಮ್ಮದೇ ಮಾತಿನಲ್ಲಿ ಹೇಳಿ: "ಫೋನಿನ್ಯಾಗ ಯಾರರ ಹೆದರಿಸಿದ್ರ, ಫೋಟೊ ಕೇಳಿದ್ರ, ನೀ ಕಳಿಸಿದ್ರೂ ಸೈತ, ನನಗ ಬಂದು ಹೇಳು. ನಾ ಬಡಿಯಂಗಿಲ್ಲ, ಸಾಲಿ ಬಿಡಸಂಗಿಲ್ಲ." "ಕಳಿಸಿದ್ರೂ ಸೈತ" ಎಂಬ ಮಾತನ್ನು ಬಿಡಬೇಡಿ. ಮಗು ಕಾಯುತ್ತಿರುವುದು ಆ ಮಾತಿಗಾಗಿ. ಒಮ್ಮೆ ಹೇಳಿದರೆ ಸಾಲದು, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ಹೇಳಬೇಕು. ತಂದೆ ಮತ್ತು ತಾಯಿ ಇಬ್ಬರೂ ಹೇಳಬೇಕು. ತಾಯಿ ಮಾತ್ರ ಹೇಳಿದರೆ "ಅಪ್ಪಗ ಗೊತ್ತಾದ್ರ?" ಎಂಬ ಭಯ ಉಳಿದೇ ಇರುತ್ತದೆ.

ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳಲ್ಲಿ ಮಕ್ಕಳು ಮುತ್ಯಾ, ಆಯಿ ಜೊತೆ ಊರಲ್ಲಿ ಉಳಿಯುತ್ತಾರೆ. ಅಪ್ಪ ಅವ್ವನ ಜೊತೆ ಮಾತಾಡಲಿ ಎಂದು ಕೊಡಿಸಿದ ಮೊಬೈಲೇ ಅವರಿಗೆ ದಿನವಿಡೀ ಜೊತೆಗಾರ. ಅಂಥ ಮಗುವಿಗೆ ಊರಲ್ಲೇ ಇರುವ ಇನ್ನೊಬ್ಬ ನಂಬಿಕಸ್ಥ ಹಿರಿಯರನ್ನು ಹೆಸರು ಹಿಡಿದು ತೋರಿಸಿ. ಅತ್ತೆಯಾಗಲಿ, ಶಿಕ್ಷಕಿಯಾಗಲಿ, ಅಂಗನವಾಡಿ ಕಾರ್ಯಕರ್ತೆಯಾಗಲಿ, ಅವರಿಗೂ ಈ ವಿಷಯವನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ. ವಸತಿ ಶಾಲೆಯಲ್ಲಿ ಅಥವಾ ನೀಟ್ ತರಬೇತಿಗೆಂದು ಬೀದರ್, ಕಲಬುರಗಿಯ ಹಾಸ್ಟೆಲ್‌ನಲ್ಲಿ ಇರುವ ಮಕ್ಕಳಿಗೂ ಇದೇ ವ್ಯವಸ್ಥೆ ಬೇಕು.

ಹಂತ 2: ಮನೆಯಲ್ಲಿ ಎಂಥ ಮೊಬೈಲ್ ಇದೆ ಎಂದು ನೋಡಿಕೊಳ್ಳಿ

ನಮ್ಮಲ್ಲಿ ಹಲವು ಮನೆಗಳಿಗೆ ಒಂದೇ ಸ್ಮಾರ್ಟ್‌ಫೋನ್. ಅದರಲ್ಲಿರುವುದು ತಂದೆಯ ಗೂಗಲ್ ಖಾತೆ, ಅಂದರೆ ಆ್ಯಪ್‌ಗಳ ಲೆಕ್ಕದಲ್ಲಿ ಬಳಸುತ್ತಿರುವವರು ದೊಡ್ಡವರು. ಮಕ್ಕಳಿಗೆಂದು ಕಂಪನಿಗಳು ಇಟ್ಟಿರುವ ಹೆಚ್ಚಿನ ತಡೆಗಳು ಅಂಥ ಮೊಬೈಲಿನಲ್ಲಿ ತಾವಾಗಿ ಕೆಲಸ ಮಾಡುವುದಿಲ್ಲ. ಸೌಲಭ್ಯ ಇರುವ ಮೊಬೈಲಿನಲ್ಲಿ ಮಗುವಿಗಾಗಿ ಬೇರೆ ಬಳಕೆದಾರ ಖಾತೆ ತೆರೆಯಿರಿ. ಅದಿಲ್ಲದಿದ್ದರೆ ಪಾಠ ನೋಡಲು ಕೊಡುವಾಗ ಆ ಒಂದು ಆ್ಯಪನ್ನು ಮಾತ್ರ ಪರದೆಗೆ ಕಟ್ಟಿಹಾಕುವ ಆ್ಯಪ್ ಪಿನ್ನಿಂಗ್ ಬಳಸಿ.

ಇನ್ನೊಂದನ್ನು ಪೋಷಕರು ಗಮನಿಸುವುದೇ ಇಲ್ಲ. ಹಲವು ಕಂಪನಿಗಳ ಮೊಬೈಲುಗಳಲ್ಲಿ ಒಂದೇ ಆ್ಯಪನ್ನು ಎರಡು ಮಾಡುವ ಡ್ಯುಯಲ್ ಆ್ಯಪ್ಸ್, ಎರಡನೆಯ ಗುಪ್ತ ಜಾಗ ತೆರೆಯುವ ಸೆಕೆಂಡ್ ಸ್ಪೇಸ್, ಆ್ಯಪ್ ಅಡಗಿಸುವ ಸೌಲಭ್ಯಗಳಿವೆ. ಸೆಟ್ಟಿಂಗ್ಸ್‌ನಲ್ಲಿ ಈ ಹೆಸರುಗಳನ್ನು ಹುಡುಕಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹುಡುಕಿ. ರಾತ್ರಿ ಮಗು ಮಲಗಿದ ಮೇಲೆ ಕದ್ದು ನೋಡಿದರೆ ಹಂತ 1ರಲ್ಲಿ ಕೊಟ್ಟ ಮಾತು ಮುರಿದಂತಾಗುತ್ತದೆ.

ಹಂತ 3: ಬಾಗಿಲುಗಳನ್ನು ಹಾಕಿ

ಮಗುವಿಗೆ ಸ್ವಂತ ಮೊಬೈಲ್ ಇದ್ದರೆ ನಿಜವಾದ ಜನ್ಮದಿನಾಂಕ ಕೊಟ್ಟು ಅದರದೇ ಗೂಗಲ್ ಖಾತೆ ತೆರೆಯಿರಿ. ನಿಮ್ಮ ಮೊಬೈಲಿನಲ್ಲಿ ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಹಾಕಿಕೊಂಡು ಎರಡನ್ನೂ ಜೋಡಿಸಿದರೆ ಹೊಸ ಆ್ಯಪ್ ಇಳಿಸುವ ಮುಂಚೆ ನಿಮ್ಮ ಒಪ್ಪಿಗೆ ಕೇಳುತ್ತದೆ, ರಾತ್ರಿ ಇಂತಿಷ್ಟು ಹೊತ್ತಿಗೆ ಮೊಬೈಲ್ ಬಂದ್ ಆಗುವಂತೆಯೂ ಮಾಡಬಹುದು. ರಾತ್ರಿಯ ಈ ತಡೆಯನ್ನೇ ಮೊದಲು ಹಾಕಿ ಎಂಬುದು ನನ್ನ ಸಲಹೆ, ಏಕೆಂದರೆ ಇಂಥ ಸಂಭಾಷಣೆಗಳು ಬೆಳೆಯುವುದು ಮನೆಯವರೆಲ್ಲ ಮಲಗಿದ ಮೇಲೆ.

ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಂಗ್ಸ್, ಅಲ್ಲಿಂದ ಪ್ರೈವಸಿ ತೆರೆಯಿರಿ. ಗ್ರೂಪ್ಸ್ ಎಂಬಲ್ಲಿ ಮೈ ಕಾಂಟ್ಯಾಕ್ಟ್ಸ್ ಆರಿಸಿದರೆ ಅಪರಿಚಿತರು ಮಗುವನ್ನು ಗುಂಪಿಗೆ ಸೇರಿಸಲಾರರು. ಪ್ರೊಫೈಲ್ ಫೋಟೊವನ್ನೂ ಹಾಗೆಯೇ ಮಾಡಿ. ಕಾಲ್ಸ್ ಎಂಬಲ್ಲಿ ಅಪರಿಚಿತ ಕರೆಗಳನ್ನು ಸದ್ದಿಲ್ಲದಂತೆ ಮಾಡುವ ಆಯ್ಕೆಯಿದೆ. ಲಿಂಕ್ಡ್ ಡಿವೈಸಸ್ ತೆರೆದು, ಗೊತ್ತಿಲ್ಲದ ಸಾಧನವೇನಾದರೂ ಜೋಡಣೆಯಾಗಿದ್ದರೆ ತೆಗೆಯಿರಿ.

ಇನ್‌ಸ್ಟಾಗ್ರಾಮ್‌ನಲ್ಲಿ ನಿಜವಾದ ವಯಸ್ಸು ಕೊಟ್ಟ ಹದಿಹರೆಯದವರ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ ಮತ್ತು ಪರಿಚಯವಿಲ್ಲದವರ ಸಂದೇಶಗಳನ್ನು ತಡೆಯುತ್ತದೆ. ಹುಟ್ಟಿದ ವರ್ಷ ಸುಳ್ಳು ಹೇಳಿ ತೆರೆದ ಖಾತೆಗೆ ಈ ರಕ್ಷಣೆ ಸಿಗುವುದಿಲ್ಲ. ಸ್ನ್ಯಾಪ್‌ಚಾಟ್‌ನ ನಕ್ಷೆಯಲ್ಲಿ ಮಗು ಇರುವ ಜಾಗ ಕಾಣದಂತೆ ಘೋಸ್ಟ್ ಮೋಡ್ ಹಾಕಿ. ಆಟಗಳಲ್ಲಿ ಅಪರಿಚಿತರ ಸ್ನೇಹ ಮನವಿ ಮತ್ತು ಧ್ವನಿ ಸಂಭಾಷಣೆಯನ್ನು ನಿಲ್ಲಿಸಿ.

ಹಂತ 4: ಬಲೆ ಹೇಗಿರುತ್ತದೆ ಎಂದು ಮಗುವಿಗೆ ತೋರಿಸಿ

"ಅಪರಿಚಿತರ ಜೊತೆ ಮಾತಾಡಬೇಡ" ಎಂದು ಹೇಳುವುದರಿಂದ ಹೆಚ್ಚು ಉಪಯೋಗವಿಲ್ಲ. ಹದಿನೈದು ದಿನ ಒಂದೇ ತಂಡದಲ್ಲಿ ಆಟವಾಡಿದವನು ಮಗುವಿನ ದೃಷ್ಟಿಯಲ್ಲಿ ಅಪರಿಚಿತನಲ್ಲ. ಎಷ್ಟೋ ಸಲ ಅವನು ಪರಿಚಿತನೇ ಆಗಿರುತ್ತಾನೆ: ಟ್ಯೂಷನ್ ಹೇಳುವವನು, ದೂರದ ಸಂಬಂಧಿ, ಮೊಬೈಲ್ ರಿಪೇರಿ ಮಾಡುವವನು. ಆದ್ದರಿಂದ ವ್ಯಕ್ತಿಗಿಂತ ಅವನ ನಡೆಯನ್ನು ಗುರುತಿಸುವುದನ್ನು ಕಲಿಸಬೇಕು.

ನಡೆ ಬಹುಮಟ್ಟಿಗೆ ಒಂದೇ ಸಾಲಿನಲ್ಲಿ ಸಾಗುತ್ತದೆ. ಮೊದಲು ಹೊಗಳಿಕೆ ಅಥವಾ ಉಡುಗೊರೆ: ಆಟದ ಡೈಮಂಡ್, ಮೊಬೈಲ್ ರೀಚಾರ್ಜ್, ರೀಲ್ಸ್‌ನಲ್ಲಿ ಪ್ರಸಿದ್ಧಿ ಮಾಡಿಸುವ ಭರವಸೆ. ಬಳಿಕ ಯಾವ ಊರು, ಯಾವ ಶಾಲೆ, ಮನೆಯಲ್ಲಿ ಯಾರಿದ್ದಾರೆ ಎಂಬ ವಿಚಾರಣೆ. ಆಮೇಲೆ "ಇಲ್ಲಿ ಬೇಡ, ಟೆಲಿಗ್ರಾಮ್‌ಗೆ ಬಾ" ಎಂದು ನಾಲ್ಕು ಜನರಿರುವ ಜಾಗದಿಂದ ಏಕಾಂತಕ್ಕೆ ಕರೆಯುವುದು. ಅದಾದ ಮೇಲೆ "ಮನೆಯಲ್ಲಿ ಹೇಳಬೇಡ" ಎಂಬ ಗುಟ್ಟು. ನಂತರ ಸಾಮಾನ್ಯ ಫೋಟೊ, ಇನ್ನೊಂದು ಬಗೆಯ ಫೋಟೊ, ಕೊನೆಗೆ ಬೆದರಿಕೆ. ಮಗುವಿಗೆ ಒಂದು ಗೆರೆ ಹಾಕಿಕೊಡಿ: ಬೇರೆ ಆ್ಯಪ್‌ಗೆ ಕರೆದರೆ ಅಥವಾ ಗುಟ್ಟಾಗಿಡು ಎಂದರೆ, ಅಲ್ಲಿಗೆ ಮಾತು ನಿಲ್ಲಿಸಿ ದೊಡ್ಡವರಿಗೆ ತೋರಿಸಬೇಕು. ಫೋಟೊ ಕೇಳುವ ತನಕ ಕಾಯಬಾರದು.

ಮುಖದ ಸಾಮಾನ್ಯ ಫೋಟೊ ಸಿಕ್ಕರೂ ಅದರಿಂದ ಬೆತ್ತಲೆ ಚಿತ್ರ ತಯಾರಿಸುವ ಸಾಧನಗಳು ಈಗ ಬಂದಿವೆ. "ನಾನು ಅಂಥದ್ದನ್ನು ಕಳಿಸಿಯೇ ಇಲ್ಲ" ಎಂದು ಮಗು ಹೇಳಿದರೆ ಅದನ್ನು ನಂಬಿ. ಚಿತ್ರ ನಕಲಿಯಾಗಿದ್ದರೂ ದೂರು ಕೊಡುವ ದಾರಿ ಒಂದೇ.

ಹಂತ 5: ಗುರುತುಗಳನ್ನು ಗಮನಿಸಿ

ನೀವು ಕೋಣೆಗೆ ಬಂದಾಗ ಮೊಬೈಲ್ ಬೋರಲಾಗಿಡುವುದು ಎಲ್ಲ ಹದಿಹರೆಯದವರಲ್ಲೂ ಇದ್ದದ್ದೇ, ಅದೊಂದಕ್ಕೇ ಹೆದರಬೇಕಿಲ್ಲ. ಆದರೆ ನೀವು ಮಾಡಿಸದ ರೀಚಾರ್ಜ್ ಆಗಿರುವುದು, ಗೊತ್ತಿಲ್ಲದ ಸಿಮ್ ಅಥವಾ ಎರಡನೆಯ ಖಾತೆ ಸಿಕ್ಕಿರುವುದು, ಸಂದೇಶದ ಸದ್ದು ಕೇಳಿದರೆ ಮಗುವಿನ ಮುಖ ಬಾಡುವುದು, ಮನೆಯ ದುಡ್ಡು ಚೂರುಚೂರಾಗಿ ಕಾಣೆಯಾಗುವುದು, ಸ್ನಾನದ ಮನೆಗೂ ಮೊಬೈಲ್ ಒಯ್ಯುವುದು ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಅಂದೇ ಮಾತಾಡಿ. ಊಟ ಬಿಟ್ಟು, "ನಾ ಸಾಯ್ತೀನಿ" ಎಂದು ಯಾವ ಧಾಟಿಯಲ್ಲಿ ಹೇಳಿದರೂ ಮಗುವನ್ನು ಒಂಟಿಯಾಗಿ ಬಿಡಬೇಡಿ. ಹೊಲದ ಔಷಧಿಯ ಡಬ್ಬಿಗಳನ್ನು ಬೀಗ ಹಾಕಿಡಿ, 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿ ಮಾತಾಡುತ್ತಾರೆ.

ಹಂತ 6: ವಿಷಯ ತಿಳಿದ ಮೊದಲ ಗಂಟೆ

ಮಗುವಿನ ಪಕ್ಕದಲ್ಲಿ ಕೂತು ಮೊದಲು ಈ ಮಾತು ಹೇಳಿ: "ಛಲೋ ಮಾಡಿದಿ ಹೇಳಿ. ತಪ್ಪು ಅವಂದು." ಪ್ರಶ್ನೆಗಳು ಆಮೇಲೆ. ಯಾಕೆ ಕಳಿಸಿದೆ, ಹೇಗೆ ಕಳಿಸಿದೆ ಎಂದು ಕೆದಕಬೇಡಿ, ವಿವರಗಳನ್ನು ಪದೇ ಪದೇ ಹೇಳಿಸಬೇಡಿ. ಅವನು ಯಾರು, ಎಲ್ಲಿಂದ ಮಾತಾಡುತ್ತಿದ್ದ, ಮುಖಾಮುಖಿ ಭೇಟಿಯಾಗಿದ್ದಾನೆಯೇ, ಹಣ ಹೋಗಿದೆಯೇ, ಇಷ್ಟು ತಿಳಿದರೆ ಸಾಕು.

ಭೇಟಿಯಾಗಿ ದೈಹಿಕ ದೌರ್ಜನ್ಯ ನಡೆದಿದ್ದರೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಎಫ್‌ಐಆರ್ ಆಗಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಹೆಣ್ಣುಮಗುವಿನ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು.

ಬೆದರಿಸುತ್ತಿರುವವನಿಗೆ ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಕೊಡುವವರೆಂದು ತಿಳಿದು ಮತ್ತೆ ಕೇಳುತ್ತಾನೆ. ಆಗಲೇ ಹಣ ಹೋಗಿದ್ದರೆ 1930ಕ್ಕೆ ಆ ಕ್ಷಣವೇ ಕರೆ ಮಾಡಿ, ಯುಪಿಐ ವ್ಯವಹಾರದ ಸಂಖ್ಯೆ ಹೇಳಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿ ಹೋಗುತ್ತದೆ. ಅವನಿಗೆ ಬೈಯಬೇಡಿ, ಉತ್ತರಿಸಬೇಡಿ, ಈ ಹಂತದಲ್ಲಿ ಬ್ಲಾಕ್ ಕೂಡ ಮಾಡಬೇಡಿ. ನೀವೇ ಮಗುವಿನ ಹೆಸರಿನಲ್ಲಿ ಮಾತಾಡಿ ಅವನನ್ನು ಸೂಪರ್ ಮಾರ್ಕೆಟ್‌ಗೋ ಬಸ್ ನಿಲ್ದಾಣಕ್ಕೋ ಕರೆಸಿ ಹಿಡಿಯುವ ಸಾಹಸ ಬೇಡ. ಅದರಿಂದ ಹೊಡೆದಾಟವಾಗಿ ನಿಮ್ಮ ಮೇಲೆಯೇ ಪ್ರಕರಣ ದಾಖಲಾದೀತು.

ಹಂತ 7: ಸಾಕ್ಷ್ಯ ಕಾಪಾಡಿ

ಎಲ್ಲಕ್ಕಿಂತ ಹೆಚ್ಚು ತಪ್ಪುಗಳಾಗುವುದು ಈ ಹಂತದಲ್ಲಿ.

ಮೊದಲು ಅವನ ಪ್ರೊಫೈಲ್ ಪುಟ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಬದಲಿಸಿಕೊಳ್ಳಬಹುದು. ಆದ್ದರಿಂದ ಬಳಕೆದಾರ ಹೆಸರು, ಪ್ರೊಫೈಲ್ ಕೊಂಡಿ, ಮೊಬೈಲ್ ಸಂಖ್ಯೆಗಳನ್ನು ನೋಟ್‌ಪುಸ್ತಕದಲ್ಲಿ ಅಕ್ಷರ ತಪ್ಪದೆ ಬರೆದುಕೊಳ್ಳಿ. ನಂತರ ಸಂಭಾಷಣೆಯ ಮೊದಲಿನಿಂದ ಕೊನೆಯವರೆಗೆ, ದಿನಾಂಕ ಮತ್ತು ಸಮಯ ಕಾಣುವಂತೆ, ಬೆದರಿಕೆಯ ಮಾತುಗಳನ್ನೂ ಅವನ ಯುಪಿಐ ಐಡಿಯನ್ನೂ ಹಿಡಿದಿಡಿ. ಸ್ನ್ಯಾಪ್‌ಚಾಟ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಅತ್ತ ಕಡೆಯವನಿಗೆ ಸೂಚನೆ ಹೋಗುತ್ತದೆ. ಅಂಥಲ್ಲಿ ಎರಡನೆಯ ಮೊಬೈಲಿನ ಕ್ಯಾಮೆರಾದಿಂದ ಪರದೆಯ ಚಿತ್ರ ತೆಗೆಯಿರಿ. ಸಂದೇಶಗಳು ತಾವಾಗಿ ಅಳಿಯುವಂತೆ ಅವನು ಮಾಡಿಟ್ಟಿದ್ದರೆ ಈ ಕೆಲಸ ಮೊದಲ ಗಂಟೆಯಲ್ಲೇ ಮುಗಿಯಬೇಕು.

ಇಲ್ಲಿ ಬಹಳ ಎಚ್ಚರ ಬೇಕು. ಮಾತುಗಳನ್ನೂ ಖಾತೆಯ ವಿವರಗಳನ್ನೂ ಮಾತ್ರ ನಕಲಿಸಿ. ಮಗುವಿನ ಬೆತ್ತಲೆ ಚಿತ್ರವನ್ನು ಸಾಕ್ಷಿಗೆಂದು ಕೂಡ ಮಾವನಿಗೆ, ಪರಿಚಯದ ವಕೀಲರಿಗೆ, ಊರಿನ ಮುಖಂಡರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಅಂಥ ಚಿತ್ರವನ್ನು ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಮತ್ತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 15ನೇ ಕಲಂ ಅಡಿ ಅಪರಾಧ. ಚಿತ್ರ ಆ ಮೊಬೈಲಿನಲ್ಲಿ ಇದ್ದಲ್ಲೇ ಇರಲಿ, ಮೊಬೈಲನ್ನೇ ಪೊಲೀಸರಿಗೆ ಒಪ್ಪಿಸಿ.

ಮೊಬೈಲನ್ನು ರೀಸೆಟ್ ಮಾಡಬೇಡಿ, ಆ್ಯಪ್ ತೆಗೆಯಬೇಡಿ, ಸಿಮ್ ಮುರಿಯಬೇಡಿ. ಇಷ್ಟೆಲ್ಲ ಮುಗಿದ ಮೇಲೆ ಆ್ಯಪ್‌ನಲ್ಲಿ ಅವನ ಖಾತೆಯನ್ನು ರಿಪೋರ್ಟ್ ಮಾಡಬಹುದು. ಯಾರು ರಿಪೋರ್ಟ್ ಮಾಡಿದರೆಂದು ಅವನಿಗೆ ತಿಳಿಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ರಿಪೋರ್ಟ್ ಒತ್ತಿದಾಗ ಬ್ಲಾಕ್ ಮಾಡಿ ಸಂದೇಶ ಅಳಿಸುವ ಆಯ್ಕೆಗೂ ಗುರುತು ಬಿದ್ದಿದ್ದರೆ ಅದನ್ನು ತೆಗೆದು ಮುಂದುವರಿಯಿರಿ.

ಹಂತ 8: ದೂರು ಕೊಡಿ

ಪ್ರತಿ ಜಿಲ್ಲಾ ಕೇಂದ್ರದಲ್ಲೂ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಠಾಣೆಯಿದೆ. ಹಾಗೆಂದು ಸುರಪುರ, ಔರಾದ್ ಅಥವಾ ಚಿಂಚೋಳಿಯವರು ಮೊದಲು ಜಿಲ್ಲಾ ಕೇಂದ್ರಕ್ಕೇ ಹೋಗಬೇಕೆಂದಿಲ್ಲ. ಹತ್ತಿರದ ಯಾವುದೇ ಠಾಣೆ ದೂರು ದಾಖಲಿಸಿಕೊಳ್ಳಬೇಕು. ಅಪರಾಧ ತಮ್ಮ ಸರಹದ್ದಿನಲ್ಲಿ ನಡೆದಿಲ್ಲ ಎಂಬ ನೆಪ ಹೇಳುವಂತಿಲ್ಲ. 1098ಕ್ಕೆ ಕರೆ ಮಾಡಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ನೆರವು ಸಿಗುತ್ತದೆ. ಠಾಣೆಗೆ ಹೋಗಲು ಹಿಂಜರಿಯುವವರು ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್ ಎಂಬ ರಾಷ್ಟ್ರೀಯ ಪೋರ್ಟಲ್‌ನಲ್ಲಿ, ಮಹಿಳೆಯರು ಮತ್ತು ಮಕ್ಕಳ ವಿಭಾಗದಲ್ಲಿ, ಹೆಸರು ಹೇಳದೆಯೂ ದೂರು ಸಲ್ಲಿಸಬಹುದು. ಆದರೆ ಹೆಸರು ಕೊಟ್ಟ ದೂರಿನ ಮುಂದಿನ ಬೆಳವಣಿಗೆಯನ್ನು ಮಾತ್ರ ನೀವು ತಿಳಿದುಕೊಳ್ಳಲು ಸಾಧ್ಯ. ಬೆದರಿಕೆ ನಡೆಯುತ್ತಲೇ ಇದ್ದರೆ ಠಾಣೆಗೇ ಹೋಗಿ.

ಪೋಕ್ಸೊ ಕಾಯ್ದೆಯಲ್ಲಿ ಮಗುವಿಗಿರುವ ಹಕ್ಕುಗಳನ್ನು ತಿಳಿದುಕೊಂಡು ಹೊರಡಿ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಅಧಿಕಾರಿ, ಸಮವಸ್ತ್ರವಿಲ್ಲದೆ, ಮಗು ನಂಬುವವರ ಎದುರಿನಲ್ಲಿ ಪಡೆಯಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ತಿಳಿಸಬೇಕು. ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವಂತಿಲ್ಲ.

ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯಿರಿ. ಮೊಬೈಲ್ ಒಪ್ಪಿಸುವ ಮುಂಚೆ ಹಂತ 9 ಓದಿಕೊಳ್ಳಿ. ಒಪ್ಪಿಸಿದ್ದಕ್ಕೆ ಜಪ್ತಿ ಪಟ್ಟಿಯ ಪ್ರತಿ ಕೇಳಿ, ಅದರಲ್ಲಿರುವ ಐಎಂಇಐ ಸಂಖ್ಯೆ ನೀವು ಬರೆದಿಟ್ಟದ್ದಕ್ಕೆ ಹೊಂದುತ್ತದೆಯೇ ನೋಡಿ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಕಲಬುರಗಿ ನಗರದವರಾದರೆ ಪೊಲೀಸ್ ಆಯುಕ್ತರಿಗೆ, ಬರಹದಲ್ಲಿ ಕಳಿಸಿ. ಪೋಕ್ಸೊ ಅಪರಾಧವನ್ನು ದಾಖಲಿಸದಿರುವುದಕ್ಕೂ, ಗೊತ್ತಿದ್ದೂ ತಿಳಿಸದಿರುವುದಕ್ಕೂ 21ನೇ ಕಲಂ ಅಡಿ ಆರು ತಿಂಗಳವರೆಗೆ ಶಿಕ್ಷೆಯಿದೆ. ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಡುವ ಮುಖ್ಯೋಪಾಧ್ಯಾಯರಿಗೂ, ವಾರ್ಡನ್‌ಗಳಿಗೂ ಇದು ಅನ್ವಯಿಸುತ್ತದೆ.

ಕಟ್ಟೆಯ ಮೇಲೆ ನಾಲ್ಕು ಹಿರಿಯರು ಕೂತು ದಂಡ ಹಾಕಿ ಮುಗಿಸುವ ರಾಜಿಗೆ ಒಪ್ಪಬೇಡಿ. ಪೋಕ್ಸೊ ಅಪರಾಧಗಳು ರಾಜಿಯಾಗುವಂಥವಲ್ಲ. ಅವನು ಇಟ್ಟುಕೊಂಡ ಪ್ರತಿಗಳು ಆ ರಾಜಿಯಿಂದ ಅಳಿಯುವುದೂ ಇಲ್ಲ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ಉಚಿತ ನೆರವಿದೆ, ಪರಿಹಾರದ ಅರ್ಜಿಗೂ ಅವರೇ ದಾರಿ ತೋರಿಸುತ್ತಾರೆ.

ಹಂತ 9: ಹರಡಿದ ಚಿತ್ರವನ್ನು ತೆಗೆಸಿ

ದೂರು ಕೊಟ್ಟ ಮೇಲೆ, ಮೊಬೈಲ್ ಒಪ್ಪಿಸುವ ಮುಂಚೆ, ತನಿಖಾಧಿಕಾರಿಗೆ ಹೇಳಿ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯನ್ನು ಬಳಸಿ. ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ 2023ರಲ್ಲಿ ಇದನ್ನು ಆರಂಭಿಸಿತು, ಯಾವ ದೇಶದವರೂ ಬಳಸಬಹುದು. ಚಿತ್ರ ನಿಮ್ಮ ಮೊಬೈಲಿನಿಂದ ಹೊರಗೆ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದ ಕಂಪನಿಗಳಿಗೆ ತಲುಪುತ್ತದೆ, ಅವರು ಅದೇ ಚಿತ್ರ ಕಂಡಲ್ಲಿ ತಡೆಯುತ್ತಾರೆ. ವಾಟ್ಸ್‌ಆ್ಯಪ್‌ನಂಥ ಗೂಢಲಿಪಿಯ ಸಂದೇಶಗಳೊಳಗೆ ಇದು ನಡೆಯುವುದಿಲ್ಲ. ಅಲ್ಲಿ ಹರಡಿದ್ದರೆ ಯಾವ ಗುಂಪು, ಯಾವ ಸಂಖ್ಯೆ ಎಂದು ಬರೆದು ಪೊಲೀಸರಿಗೆ ಕೊಡಿ.

ಹಂತ 10: ಆಮೇಲಿನ ವಾರಗಳು

ಮಗುವನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಬೇಡಿ. ಒಂದೆರಡು ದಿನ ಬಿಡುವು ಬೇಕೆಂದರೆ ಕೊಡಿ, ಆದರೆ ಅದು ವಾರಗಳಾಗಬಾರದು. ತರಗತಿಯ ಶಿಕ್ಷಕರೊಬ್ಬರಿಗೆ ಮಾತ್ರ ವಿಷಯ ತಿಳಿದಿದ್ದರೆ ಸಾಕು. ನೆಂಟರು ಕೇಳಿದರೆ "ಹುಷಾರಿಲ್ಲ" ಎಂಬುದಕ್ಕಿಂತ ಹೆಚ್ಚು ಹೇಳುವ ಅಗತ್ಯವಿಲ್ಲ.

ಮಗುವಿಗೆ ನಿದ್ದೆ ಬಾರದಿದ್ದರೆ, ಮಾತು ಕಡಿಮೆಯಾದರೆ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳ ಮನೋವೈದ್ಯರಿಗೆ ತೋರಿಸಿ. ಪ್ರಕರಣ ಮುಗಿಯುವವರೆಗೆ ಜೊತೆಗಿರಲು ಬೆಂಬಲಿಗ ವ್ಯಕ್ತಿಯೊಬ್ಬರನ್ನು ನೇಮಿಸುವಂತೆ ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಬಹುದು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹತ್ತಿರವಿದ್ದರೆ ಅದರ ದಿನಾಂಕಗಳನ್ನು ಬೆಂಬಲಿಗ ವ್ಯಕ್ತಿಗೂ ತನಿಖಾಧಿಕಾರಿಗೂ ಮೊದಲೇ ಬರೆದುಕೊಡಿ.

ಜಪ್ತಿಯಾದ ಮೊಬೈಲ್ ಹಿಂದಿರುಗಲು ತಿಂಗಳುಗಳೇ ಹಿಡಿಯಬಹುದು. ಅದರಲ್ಲಿದ್ದ ಸಂಖ್ಯೆಗೆ ಬ್ಯಾಂಕ್, ವಿದ್ಯಾರ್ಥಿವೇತನದ ಒಟಿಪಿ ಬರುತ್ತಿದ್ದರೆ, ತನಿಖಾಧಿಕಾರಿಯನ್ನು ಕೇಳಿಕೊಂಡು ಅದೇ ಸಂಖ್ಯೆಗೆ ಬದಲಿ ಸಿಮ್ ತೆಗೆದು ಬಟನ್ ಮೊಬೈಲಿಗೆ ಹಾಕಿಕೊಳ್ಳಿ. ಮಗುವಿಗೆ ಮತ್ತೆ ಸ್ಮಾರ್ಟ್‌ಫೋನ್ ಕೊಡುವ ದಿನ ಬಂದಾಗ ಹಂತ 3ರ ತಡೆಗಳನ್ನು ಮಗುವಿನ ಕೈಯಿಂದಲೇ ಹಾಕಿಸಿ. ಕೊಡುವ ಮುಂಚೆ, ಹಂತ 1ರ ಆ ಮಾತನ್ನು ಇನ್ನೊಮ್ಮೆ ಹೇಳಿ.